ವರ್ತಮಾನಮುಕ್ತ ಕುಟುಂಬ

ಗತಕಾಲ ನಿರ್ದೇಶನಾಲಯದ ಅಧೀನಕ್ಕೆ ಒಳಪಟ್ಟ ಜೀವಂತ ಇತಿಹಾಸ ತೋಟದಲ್ಲಿ ಕಾಲವು ನಮ್ಮ ಕಾಲಕ್ಕಿಂತ ಸರಿಯಾಗಿ ನೂರು ವರ್ಷ ಹಿಂದೆ ನಡೆಯುತ್ತದೆ. ಇದು ನಂಬಿಕೆಯಲ್ಲ, ಆದೇಶ. ಅಲ್ಲಿನ ಸಿಬ್ಬಂದಿ ಒರಟು ಬಟ್ಟೆ ಉಟ್ಟು ಎತ್ತು ಕಟ್ಟಿ ಉಳುತ್ತಾರೆ, ಕೈಯಲ್ಲಿ ಬೀಸುತ್ತಾರೆ, ಬಾವಿಯಿಂದ ನೀರು ಸೇದುತ್ತಾರೆ, ಸಂಜೆ ಐದೂವರೆಗೆ ಬಟ್ಟೆ ಬದಲಿಸಿ ಬಸ್ಸು ಹತ್ತುತ್ತಾರೆ. ಹವಾಮಾನದ ವಿಷಯದಲ್ಲೂ ರಾಜಿಯಿಲ್ಲ. ನೂರು ವರ್ಷದ ಹಿಂದೆ ಇದೇ ತಾರೀಖಿಗೆ ಮಳೆ ಬಂದಿತ್ತೆಂದು ದಾಖಲೆ ಇದ್ದರೆ, ಇವತ್ತು ತಲೆ ಸುಡುವ ಬಿಸಿಲಿದ್ದರೂ ಎಲ್ಲರೂ ಕಂಬಳಿ ಹೊದ್ದು ಕೆಸರು ತಪ್ಪಿಸಿ ನಡೆಯಬೇಕು. ವರ್ಷ ಕಳೆದಂತೆ ತೋಟವೂ ಒಂದೊಂದು ವರ್ಷ ಮುಂದಕ್ಕೆ ಹೋಗುವುದರಿಂದ ಇನ್ನು ಹನ್ನೊಂದು ವರ್ಷಕ್ಕೆ ಅಲ್ಲಿಗೆ ವಿದ್ಯುತ್ ದೀಪ ಬರಲಿದೆ. ನಿವೃತ್ತಿಗೆ ಹತ್ತೇ ವರ್ಷ ಉಳಿದಿರುವ ಸಿಬ್ಬಂದಿಗೆ ಇದೊಂದು ಕೊರಗು.

ಇಂಥ ತೋಟಕ್ಕೆ ಸಕುಟುಂಬವಾಗಿ ಹೋಗಿಬರಬೇಕೆಂದು ನಾವು ತೀರ್ಮಾನಿಸಿದ್ದು ನನ್ನ ಮಗಳಿಂದಾಗಿ. ಅವಳಿಗೆ ಆರು ವರ್ಷ. ನಿಂತ ಕಡೆ ನಿಲ್ಲದವಳಾದ್ದರಿಂದ ಮನೆಯಲ್ಲಿ ಬುಗುರಿ ಅಂತಲೇ ಕರೆಯುವುದು. ಅವಳ ಕ್ಲಾಸಿನ ಹುಡುಗಿಯೊಬ್ಬಳು ಆ ತೋಟಕ್ಕೆ ಹೋಗಿ, ಹೊಸದಾಗಿ ಹುಟ್ಟಿದ ಕರುವಿಗೆ ಅಂಗೈ ಒಡ್ಡಿ ನೆಕ್ಕಿಸಿಕೊಂಡು ಬಂದಿದ್ದಳು. ಆ ಅಂಗೈಯನ್ನು ಇಡೀ ಕ್ಲಾಸು ಸಾಲಾಗಿ ನಿಂತು ಮುಟ್ಟಿ ನೋಡಿತ್ತು.

"ಅಪ್ಪಾ, ಕರು ನಾಲಿಗೆ ಪಾತ್ರೆ ತಿಕ್ಕೋ ನಾರಿನ ಥರ ಇರುತ್ತಂತೆ. ಹೌದಾ?"

ನಾನು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅರ್ಜಿ ಪರಿಶೀಲಕ. ಕರುವಿನ ನಾಲಿಗೆ ನನ್ನ ವ್ಯಾಪ್ತಿಗೆ ಬಂದದ್ದಿಲ್ಲ. ಹೋಗಿ ನೋಡೋಣ ಎಂದೆ.

"ಬೇಗ ಹೋಗ್ಬೇಕಪ್ಪಾ. ದೊಡ್ಡದಾದ್ರೆ ಅದು ನೆಕ್ಕಲ್ಲ, ಹಾಯುತ್ತಂತೆ."

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ ತನ್ನ ಮೊಣಕಾಲಿನ ಹತ್ತಿರ ಕೈಯಿಟ್ಟು "ಇವತ್ತು ಇಷ್ಟಿರುತ್ತಾ?" ಎಂದು ಕೇಳತೊಡಗಿದಳು. ದಿನ ಕಳೆದಂತೆ ಆ ಕೈ ಮೇಲಕ್ಕೆ ಏರುತ್ತಿತ್ತು.

ನಮ್ಮ ಮನೆಯಲ್ಲಿ ನಾವು ನಾಲ್ವರು. ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂಡಿಸುವ ಕೆಲಸದವಳು. ಎಷ್ಟೇ ಸಣ್ಣ ಅಕ್ಷರವಿದ್ದರೂ ಬಿಡದೆ ಓದುತ್ತಾಳೆ. ನನ್ನ ಅಮ್ಮನಿಗೆ ಎಂಬತ್ತಮೂರು. ದನಗಳ ನಡುವೆಯೇ ಹುಟ್ಟಿ ಬೆಳೆದವಳು, ಈಗ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಬಸ್ಸುಗಳನ್ನು ಎಣಿಸುತ್ತಾಳೆ. ತೋಟದ ವಿಷಯ ಹೇಳಿದಾಗ ಅವಳು ಬಸ್ಸು ಎಣಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಬೇಡ ಅಂತ ಬಿಟ್ಟು ಬಂದ ಸಗಣೀನ ಟಿಕೆಟ್ ತಗೊಂಡು ನೋಡೋಕೆ ಹೋಗ್ತೀರೇನೋ?"

"ಬುಗುರಿಗೋಸ್ಕರ ಅಮ್ಮ."

"ಅವಳಿಗೋಸ್ಕರ ಆದ್ರೆ ನಡಿ. ನನಗೇನು, ಹಸು ನೋಡಿದ್ರೆ ಸೊಂಟ ನೋಯುತ್ತೆ ಅಷ್ಟೆ."

ತೋಟಕ್ಕೆ ಇನ್ನೂ ಟೆಲಿಫೋನು ಬಂದಿಲ್ಲವಾದ್ದರಿಂದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಮಾತ್ರ ಸಲ್ಲಿಸಬೇಕು. ನಮೂನೆ ಹನ್ನೊಂದು, ಒಟ್ಟು ನಲವತ್ತು ಕಾಲಂ. ಅದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಒಳ್ಳೆಯ ನಮೂನೆ ಎಲ್ಲಿದ್ದರೂ ನನ್ನ ಕಣ್ಣಿಗೆ ಗೊತ್ತಾಗುತ್ತದೆ. ಮೂವತ್ತರವರೆಗೆ ನೀರು ಕುಡಿದಷ್ಟು ಸಲೀಸಾಗಿ ತುಂಬಿದೆ. ಮೂವತ್ತೊಂದನೆಯದು ಹೀಗಿತ್ತು: 'ಕುಟುಂಬದ ಸದಸ್ಯರ ಪೈಕಿ ಯಾರಿಗಾದರೂ ಗತಕಾಲದ ಕೆಲಸಗಳು ಬರುತ್ತಿದ್ದಲ್ಲಿ ಅದರ ವಿವರ.'

"ಅಲ್ಲಿ ಒಂದು ಗೆರೆ ಎಳೆದುಬಿಡ್ರೀ," ಎಂದಳು ಹೆಂಡತಿ.

"ಗೆರೆ ಎಳೆದ್ರೂ ಖಾಲಿ ಖಾಲೀನೇ."

ಇದು ನಾನು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ನನ್ನ ಮೇಜಿನ ಮೇಲೆ ಖಾಲಿ ಕಾಲಮಿನ ಅರ್ಜಿ ಇದುವರೆಗೆ ಒಂದೂ ಪಾಸಾಗಿಲ್ಲ. 'ಗಂಡನ ಹೆಸರು' ಎಂಬಲ್ಲಿ ಖಾಲಿ ಬಿಟ್ಟ ಒಬ್ಬ ಬ್ರಹ್ಮಚಾರಿ ನಲ್ಲಿಯ ಸಂಪರ್ಕಕ್ಕಾಗಿ ಎಂಟು ವರ್ಷದಿಂದ ನಮ್ಮ ಕಚೇರಿಗೆ ಅಲೆಯುತ್ತಿದ್ದಾನೆ. ಬಹಳ ಒಳ್ಳೆಯ ಮನುಷ್ಯ. ಆದರೆ ನಿಯಮ ನಿಯಮವೇ. ಆದ್ದರಿಂದ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಏನೇನು ಬರುತ್ತದೆ ಎಂದು ಕೇಳಿದೆ.

"ಹಾಲು ಕರೆಯೋದು ಬರ್ಕೋ. ಮೊಸರು ಕಡೆಯೋದು. ಬೀಸೋದು, ಕೇರೋದು, ಹಗ್ಗ ಹೊಸೆಯೋದು, ಬೆರಣಿ ತಟ್ಟೋದು. ಹಸು ಈಯುವಾಗ ಕರು ಅಡ್ಡ ಸಿಕ್ಕಿದ್ರೆ ತಿರುಗಿಸಿ ಎಳೆಯೋದು. ಅದಕ್ಕೆ ಜಾಗ ಇದೆಯೇನೋ ಅಲ್ಲಿ?"

ಜಾಗ ಇರಲಿಲ್ಲ. ಬೇರೆ ಹಾಳೆ ಲಗತ್ತಿಸಿದೆ. ಒಟ್ಟು ಇಪ್ಪತ್ತಾರು ಬಾಬು ಆಯಿತು.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಿದೀರಿ," ಎಂದು ಹೆಂಡತಿ ಹೇಳಿ ದೀಪ ಆರಿಸಿದಳು.

ಮೂರು ವಾರದ ಮೇಲೆ, ಬುಗುರಿಯ ಕೈ ಅವಳ ಹೊಕ್ಕುಳ ಮಟ್ಟಕ್ಕೆ ಬಂದಿದ್ದಾಗ, ಒಬ್ಬ ಓಟದ ಅಂಚೆಯವನು ಕೋಲಿಗೆ ಗೆಜ್ಜೆ ಕಟ್ಟಿಕೊಂಡು ಮೂರು ಮಹಡಿ ಓಡಿ ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಟ್ಟ. ಬಸ್ ಸ್ಟಾಪಿನವರೆಗೆ ಅವನು ಬಸ್ಸಿನಲ್ಲೇ ಬಂದಿದ್ದ. ಏದುಸಿರನ್ನು ವಿಳಾಸದಾರರ ಬಾಗಿಲಲ್ಲಿ ಬಿಟ್ಟರೆ ಸಾಕೆಂದು ಸುತ್ತೋಲೆ ಇದೆಯಂತೆ. ಪತ್ರ ಹೀಗಿತ್ತು:

'ತಮ್ಮ ಅರ್ಜಿ ಪರಿಶೀಲಿಸಲಾಗಿ, ತಾವು ವರ್ತಮಾನದವರೆಂದು ಕಂಡುಬಂದಿದೆ. ತಮ್ಮ ಮೈಯ, ಮಾತಿನ ಹಾಗೂ ಅಭ್ಯಾಸದ ವರ್ತಮಾನವು ತೋಟಕ್ಕೆ ತಗುಲದಿರಲೆಂದು, ತಾವು ಸ್ವಗೃಹದಲ್ಲಿ ಹತ್ತು ದಿನ ಗತಕಾಲವನ್ನು ಪಾಲಿಸಿ ವರ್ತಮಾನಮುಕ್ತ ಪ್ರಮಾಣಪತ್ರ ಪಡೆಯತಕ್ಕದ್ದು. ಪ್ರಮಾಣಪತ್ರ ಬೇಕಾದವರು ತೋಟದೊಳಗಿನ ಕಚೇರಿಗೆ ಖುದ್ದಾಗಿ ಬಂದು ಕೋರಿಕೆ ಸಲ್ಲಿಸತಕ್ಕದ್ದು. ಪ್ರಮಾಣಪತ್ರ ಇಲ್ಲದವರಿಗೆ ತೋಟದೊಳಗೆ ಪ್ರವೇಶವಿಲ್ಲ.'

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಎಂದಳು ಅಮ್ಮ. ನನಗೆ ಮಾತ್ರ ಪತ್ರದಲ್ಲಿ ತಪ್ಪೇನೂ ಕಾಣಲಿಲ್ಲ. ಕೋರಿಕೆ ಹಿಡಿದು ತೋಟದ ಗೇಟಿಗೆ ಹೋದೆ.

ಗೇಟಿನ ಒಳಗೆ ಕಾಲಪರಿವೀಕ್ಷಕರು ಕೂತಿದ್ದರು. ಯಾವುದು ಯಾವ ಕಾಲದ್ದೆಂದು ನಿರ್ಣಯಿಸುವ ಅಧಿಕಾರಿ ಅವರು. ಅವರ ಮೇಜು ಮಾತ್ರ ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಹೊರಗಿನ ಅರ್ಧದ ಮೇಲೆ ಒಂದು ಟೇಬಲ್ ಫ್ಯಾನು ಒಳಗಿನ ಅರ್ಧಕ್ಕೆ ಗಾಳಿ ಬೀಸುತ್ತಿತ್ತು.

"ನೀವು ಒಳಗೆ ಬರೋ ಹಾಗಿಲ್ಲ," ಎಂದರು ಪರಿವೀಕ್ಷಕರು. "ನಾನು ಹೊರಗೆ ಬರಬಹುದು. ಆದ್ರೆ ಹೊರಗೆ ಬಂದ್ರೆ ನಾನು ಪರಿವೀಕ್ಷಕ ಅಲ್ಲ, ಬರೀ ಮನುಷ್ಯ."

"ಹಾಗಾದ್ರೆ ಕೋರಿಕೆ ಸಾರ್?"

"ಗೋಡೆ ಮೇಲಿಂದ ಎಸೀರಿ. ತೋಟದೊಳಗೆ ಬಿದ್ದಿದ್ದನ್ನ ಎತ್ಕೊಳ್ಳೋಕೆ ನಿಯಮದಲ್ಲಿ ಅಡ್ಡಿ ಇಲ್ಲ."

ಕೋರಿಕೆಯನ್ನು ಕಲ್ಲಿಗೆ ಕಟ್ಟಿ ಎಸೆದೆ. ಸ್ವಲ್ಪ ಹೊತ್ತಿಗೆ ಸ್ವೀಕೃತಿ ರಸೀದಿ ಅದೇ ಕಲ್ಲಿಗೆ ಕಟ್ಟಿಸಿಕೊಂಡು ವಾಪಸು ಬಂತು. ಸರ್ಕಾರಿ ಕೆಲಸ ಇಷ್ಟು ಚುರುಕಾಗಿ ಆದದ್ದನ್ನು ನಾನು ನನ್ನ ಕಚೇರಿಯಲ್ಲೂ ಕಂಡಿಲ್ಲ.

"ಕರು ಹೇಗಿದೆ ಸಾರ್?" ಎಂದು ಗೋಡೆಯಾಚೆಗೆ ಕೂಗಿದೆ.

"ನಿಯಮಾನುಸಾರ ಬೆಳೀತಿದೆ."

ಮರುದಿನದಿಂದ ನಮ್ಮ ಮನೆಯಲ್ಲಿ ಗತಕಾಲ ಜಾರಿಗೆ ಬಂತು. ಫ್ರಿಜ್ಜಿಗೆ ಬಟ್ಟೆ ಸುತ್ತಿ ಗಂಟು ಹಾಕಿದೆವು. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿದೆವು. ಟಿ.ವಿ.ಯ ಮೇಲೆ ಗೋಣಿಚೀಲ ಹೊದಿಸಿ ಅದನ್ನು ಧಾನ್ಯದ ಮೂಟೆ ಎಂದು ಘೋಷಿಸಿದೆವು. ಹೆಂಡತಿ ಅಂಗಡಿಗೆ ರಜೆ ಹಾಕಿದಳು. ನನ್ನ ಕಚೇರಿಗೆ ಮಾತ್ರ ರಜೆಯೂ ಬೇಕಾಗಲಿಲ್ಲ, ವಿನಾಯಿತಿಯೂ ಬೇಕಾಗಲಿಲ್ಲ. ನಿರ್ದೇಶನಾಲಯದವರು ವಿಚಾರಿಸಿದಾಗ ಅಲ್ಲಿ ನೂರು ವರ್ಷದಿಂದ ಏನೂ ಬದಲಾಗಿಲ್ಲವೆಂದು ತಿಳಿದುಬಂತು.

ಬದಲಾದವಳು ಅಮ್ಮ. ಬಾಲ್ಕನಿಯಿಂದ ಎದ್ದು ಅಡುಗೆಮನೆಗೆ ಬಂದವಳು ಮತ್ತೆ ಬಾಲ್ಕನಿಯ ಕಡೆ ತಲೆ ಹಾಕಲಿಲ್ಲ. ಎಲ್ಲಿಂದಲೋ ಬೀಸುವ ಕಲ್ಲು ತರಿಸಿದಳು. ಪ್ಯಾಕೆಟ್ಟಿನ ಹಾಲನ್ನು ನಾವು ಕಣ್ಣು ಮುಚ್ಚಿಕೊಂಡು ಗಡಿಗೆಗೆ ಸುರಿದರೆ ಅವಳು ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದಳು. ನನ್ನನ್ನು ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಹಗ್ಗ ಹೊಸೆಯಲು ಕೂರಿಸಿದಳು. ಅವಳ ಸೊಂಟನೋವಿನ ಸುದ್ದಿಯೇ ಇರಲಿಲ್ಲ, ಅದು ನನಗೆ ವರ್ಗವಾಗಿತ್ತು. ನಿಜ ಹೇಳಬೇಕೆಂದರೆ, ಅಮ್ಮ ಹಾಗೆ ಓಡಾಡುವುದನ್ನು ಕಂಡು ನನಗೆ ಖುಷಿಯಾಗಿತ್ತು. ಬುಗುರಿ ಅವಳ ಸೆರಗು ಹಿಡಿದು ಹಿಂದೆ ಹಿಂದೆಯೇ ಸುತ್ತುತ್ತ "ಅಜ್ಜಿ, ನಿಂಗೆ ಕರು ನೆಕ್ಕಿತ್ತಾ?" ಎಂದು ಕೇಳುತ್ತಿದ್ದಳು.

"ನೆಕ್ಕೋದೇನು, ನಿನ್ನಷ್ಟಿದ್ದಾಗ ಕರು ಪಕ್ಕದಲ್ಲೇ ಮಲಗ್ತಿದ್ದೆ. ಬೆಳಗಾಗೋ ಹೊತ್ತಿಗೆ ಮುಖ ತೊಳೆದಿರ್ತಿತ್ತು."

ಹತ್ತನೆಯ ದಿನ ಕಾಲಪರಿವೀಕ್ಷಕರು ಬಂದರು. ಕಂಬಳಿಯೊಳಗೆ ಒಂದು ಟ್ಯಾಬ್ಲೆಟ್ ಬಚ್ಚಿಟ್ಟುಕೊಂಡು ಬಂದಿದ್ದ ಅವರು ಪ್ರತಿ ಅಂಶ ನೋಡಿದ ಮೇಲೆ ಕಂಬಳಿಯೊಳಗೆ ತಲೆ ಹಾಕಿ ಗುರುತು ಹಾಕುತ್ತಿದ್ದರು. ನೂರು ಅಂಕಕ್ಕೆ ಪರೀಕ್ಷೆ. ಪಾಸಾಗಲು ಮೂವತ್ತೈದು ಸಾಕು. ಅವರು ಮಜ್ಜಿಗೆಯ ಗಡಿಗೆಯ ಹತ್ತಿರ ಬಗ್ಗಿ ನೋಡುತ್ತಿದ್ದಾಗ ಅಮ್ಮ ಕಡಗೋಲು ಎತ್ತಿದಳು.

"ಯಾರಪ್ಪಾ ನೀನು? ಬೂಟುಗಾಲಲ್ಲಿ ಗಡಿಗೆ ಹತ್ರ ಬರ್ತೀಯಾ? ನಿಮ್ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಪರಿವೀಕ್ಷಕರು ಬೂಟು ಬಿಚ್ಚಿದರು. ಕಂಬಳಿಯೊಳಗಿಂದ ತಲೆ ತೆಗೆದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಈ ಬೈಗುಳ ನಮ್ಮ ಸಿಬ್ಬಂದಿಗೆ ಮೂರು ತರಬೇತಿ ಕೊಡಿಸಿದ್ರೂ ಬರಲಿಲ್ಲ ಸ್ವಾಮೀ," ಎಂದರು. "ಇದೊಂದಕ್ಕೇ ಹೆಚ್ಚುವರಿ ಹದಿನೆಂಟು ಕೊಟ್ಟಿದ್ದೀನಿ."

ನಮಗೆ ಒಟ್ಟು ನೂರ ಹದಿನೆಂಟು ಅಂಕ ಬಂತು. ತೋಟಕ್ಕೆ ಕಳೆದ ತಪಾಸಣೆಯಲ್ಲಿ ಬಂದದ್ದು ನಲವತ್ತೊಂದು, ಅದರಲ್ಲೂ ಆರು ಕೃಪಾಂಕ. ಪ್ರಮಾಣಪತ್ರ ಯಾವಾಗ ಕೊಡ್ತೀರಿ ಎಂದು ಕೇಳಿದ್ದಕ್ಕೆ ಅವರು ನನ್ನ ಅರ್ಜಿಯ ಮೂವತ್ತೊಂದನೆಯ ಕಾಲಂ ತೆಗೆದು, ಲಗತ್ತನ್ನು ಬಿಡಿಸಿ, ಕಣ್ಣಿಗೆ ಒತ್ತಿಕೊಂಡರು. "ಇಷ್ಟು ಪೂರ್ತಿಯಾಗಿ ತುಂಬಿದ ಅರ್ಜಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ," ಎಂದರು. ನನ್ನ ಎದೆ ಉಬ್ಬಿತು. ಹೆಂಡತಿ ನನ್ನ ಕಡೆ ನೋಡಲಿಲ್ಲ.

ಅದಾದ ನಾಲ್ಕನೆಯ ದಿನ ಆದೇಶ ಬಂತು. ತೊಂಬತ್ತಕ್ಕಿಂತ ಹೆಚ್ಚು ಅಂಕ ಪಡೆದ ಯಾವುದೇ ಸ್ಥಳವು ನಿಯಮ ಹತ್ತೊಂಬತ್ತರ ಪ್ರಕಾರ ತಾನೇ ಇತಿಹಾಸವಾಗುವುದರಿಂದ, ನಮ್ಮ ಮೂರನೇ ಮಹಡಿಯ ಮನೆಯನ್ನು ಜೀವಂತ ಇತಿಹಾಸ ತೋಟದ ಶಾಖೆ ಎಂದು ಘೋಷಿಸಲಾಗಿತ್ತು. ಅಮ್ಮ ಮುಖ್ಯ ಗೃಹಿಣಿ, ನಾನು ಹಗ್ಗ ಹೊಸೆಯುವವನು ಮತ್ತು ದ್ವಾರಪಾಲಕ, ಹೆಂಡತಿ ಬೀಸುವವಳು, ಬುಗುರಿ ಕಟ್ಟಿಗೆ ಆಯುವವಳು. ಕೊನೆಯ ಸಾಲು: 'ಈ ಪ್ರಕಾರ ತಾವು ಸಿಬ್ಬಂದಿಯಾಗಿರುವುದರಿಂದ, ಸಿಬ್ಬಂದಿಗೆ ಸಂದರ್ಶಕರಾಗಿ ತೋಟಕ್ಕೆ ಬರಲು ಅವಕಾಶವಿಲ್ಲದ ಕಾರಣ, ತಮ್ಮ ಭೇಟಿಯ ಅರ್ಜಿಯನ್ನು ಸಂತೋಷದಿಂದ ತಿರಸ್ಕರಿಸಲಾಗಿದೆ.'

ಬುಗುರಿಗೆ ಉಳಿದದ್ದು ಅರ್ಥವಾಗಲಿಲ್ಲ, ಕೊನೆಯ ಸಾಲು ಅರ್ಥವಾಯಿತು. ಎದೆಯ ಹತ್ತಿರ ಕೈಯಿಟ್ಟು ನಿಂತಳು. "ಈಗ ಇಷ್ಟಾಗಿರುತ್ತೆ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆದರೆ ಪರಿವೀಕ್ಷಕರು ತಪಾಸಣೆಯ ದಿನ ನಮ್ಮ ಮನೆಯ ಬಗ್ಗೆ, ಅಂಕ ಕಳೆಯದಿದ್ದರೂ, ಒಂದೇ ಒಂದು ಕೊರತೆ ಬರೆದಿದ್ದರು: 'ಹಸು: ಗೈರುಹಾಜರು.' ಮುಂದಿನ ವಾರ ಬೆಳಿಗ್ಗೆ ಮೆಟ್ಟಿಲಲ್ಲಿ ಗದ್ದಲ ಕೇಳಿಸಿತು. ನೂರು ವರ್ಷದ ಹಿಂದೆ ಲಿಫ್ಟ್ ಇರಲಿಲ್ಲವಾದ್ದರಿಂದ ಆರು ಜನ ಸಿಬ್ಬಂದಿ ಕರುವನ್ನು ಹೊತ್ತು ಮೂರು ಮಹಡಿ ಹತ್ತಿಸುತ್ತಿದ್ದರು. ಹಿಂದೆ ಪರಿವೀಕ್ಷಕರು ಆದೇಶ ಓದುತ್ತ ಬರುತ್ತಿದ್ದರು: 'ಶಾಖೆಯಲ್ಲಿ ಖಾಲಿಯಿರುವ ಹಸುವಿನ ಹುದ್ದೆಗೆ ಸದರಿ ಕರುವನ್ನು ಪ್ರಭಾರವಾಗಿ ನಿಯೋಜಿಸಲಾಗಿದೆ.'

ಅಮ್ಮ ಕರುವನ್ನು ಒಂದು ಸುತ್ತು ಬಂದು, ಬಗ್ಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟಳು.

"ಅಯ್ಯೋ, ಇದು ಗಂಡುಗರು ಕಣಪ್ಪಾ!"

"ಆದೇಶದಲ್ಲಿ ಹಸು ಅಂತಿದೆ ಅಮ್ಮಾ. ಬಡ್ತಿ ಆದ್ಮೇಲೆ ಸರಿಹೋಗುತ್ತೆ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ಎಲ್ಲಿ ಕಟ್ಟಲಿ?"

"ಬಾಲ್ಕನೀಲಿ."

ಅಷ್ಟರಲ್ಲಿ ಬುಗುರಿ ಅಂಗೈ ಚಾಚಿಕೊಂಡು ಓಡಿ ಬಂದಳು. ಕರುವೂ ಮೂತಿ ಮುಂದೆ ಮಾಡಿತು. ಇನ್ನು ನಾಲ್ಕು ಬೆರಳಿನ ಅಂತರ ಇದ್ದಾಗ ಪರಿವೀಕ್ಷಕರು ನಡುವೆ ಕೊಡೆ ಹಿಡಿದರು.

"ಕಟ್ಟಿಗೆ ಆಯುವವರು ಕರು ಮುಟ್ಟೋ ಹಾಗಿಲ್ಲಮ್ಮ. ಆ ಕಾಲದ ಮಕ್ಕಳು ಕರು ಹತ್ರ ನೆಕ್ಕಿಸ್ಕೊಳ್ತಿದ್ರು ಅನ್ನೋದಕ್ಕೆ ನಮ್ಮಲ್ಲಿ ದಾಖಲೆ ಇಲ್ಲ."

"ನಾನೇ ಇದ್ದೀನಲ್ಲಯ್ಯಾ ದಾಖಲೆ!" ಎಂದಳು ಅಮ್ಮ. "ಕರು ಜೊತೆ ಮಲಗಿದೋಳು ನಾನು."

"ಯಾವಾಗ ಮಲಗಿದ್ರಿ ಅಮ್ಮಾ?"

"ಎಪ್ಪತ್ತೈದು ವರ್ಷ ಆಗಿರಬಹುದು."

ಪರಿವೀಕ್ಷಕರು ಬೆರಳು ಮಡಿಸಿ ಲೆಕ್ಕ ಹಾಕಿ, ನಿಜಕ್ಕೂ ಮರುಕದಿಂದ ತಲೆಯಾಡಿಸಿದರು. "ನಾವಿನ್ನೂ ಅಲ್ಲಿಗೆ ಬಂದಿಲ್ಲ. ಇಪ್ಪತ್ತೈದು ವರ್ಷ ಕಾಯಬೇಕು. ಆಗ ಧಾರಾಳವಾಗಿ ನೆಕ್ಕಿಸ್ಕೊಳ್ಳಲಿ."

ಕರು ನಮ್ಮದೇ ಬಾಲ್ಕನಿಯಲ್ಲಿ, ಮಗು ನಮ್ಮದೇ ನಡುಮನೆಯಲ್ಲಿ, ನಡುವೆ ಇಪ್ಪತ್ತೈದು ವರ್ಷ. ಆದರೂ ನಿಯಮದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಅಭ್ಯಾಸವಿಲ್ಲ. ಹುಡುಕಿದವಳು ನನ್ನ ಹೆಂಡತಿ. ಆದೇಶದ ಹಿಂಬದಿಯ ಸಣ್ಣ ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಇಲ್ನೋಡಿ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಹದಿನಾಲ್ಕು ವರ್ಷದ ಒಳಗಿನ ಸಿಬ್ಬಂದಿಗೆ ವಾರದ ರಜೆ. ರಜೆಯ ಅವಧಿಯಲ್ಲಿ ಅವರು ವರ್ತಮಾನಕ್ಕೆ ಸೇರಿದವರು ಅಂತಿದೆ. ಹಾಗಾದ್ರೆ ಆ ಎರಡು ಗಂಟೆ ಅವಳು ಸಂದರ್ಶಕಿ ಆಗಬಹುದಲ್ಲ?"

"ಆಗಬಹುದು," ಎಂದರು ಪರಿವೀಕ್ಷಕರು. "ನಮೂನೆ ಹನ್ನೊಂದು ತುಂಬಲಿ."

ಅವಳು ತುಂಬಿದಳು. ನಾಲಿಗೆ ಕಚ್ಚಿಕೊಂಡು, ನಲವತ್ತು ಕಾಲಮನ್ನೂ, ಪೆನ್ಸಿಲಿನಲ್ಲಿ.

ಶಾಖೆ ಈಗ ಚೆನ್ನಾಗಿ ನಡೆಯುತ್ತಿದೆ. ಭಾನುವಾರ ಸಂದರ್ಶಕರ ಸಾಲು ಮೆಟ್ಟಿಲಿಳಿದು ರಸ್ತೆಯವರೆಗೆ ಹೋಗುತ್ತದೆ. ಅಮ್ಮನ ಬೈಗುಳ ಕೇಳಲೆಂದೇ ದೂರದಿಂದ ಜನ ಬರುತ್ತಾರೆ. ಅವಳು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಕೆಳಗಿನ ಮಹಡಿಯ ಹಲ್ಲಿನ ವೈದ್ಯರು ಮೊದಮೊದಲು ಗೊಬ್ಬರದ ವಾಸನೆಗೆ ತಕರಾರು ಮಾಡಿದ್ದರು. ಈಗ ಅವರೂ ಭಾನುವಾರ ನೂರು ವರ್ಷದ ಹಿಂದಿನಂತೆ ಬರೀ ಇಕ್ಕಳದಲ್ಲಿ ಹಲ್ಲು ಕೀಳುತ್ತಾರೆ, ಮೊದಲಿಗಿಂತ ಜನ ಜಾಸ್ತಿ ಎನ್ನುತ್ತಾರೆ. ಕರುವಿನ ಹಾಲಿನ ಇಳುವರಿಯನ್ನು ನಾನು ಪ್ರತಿ ತಿಂಗಳು ವರದಿ ಮಾಡುತ್ತೇನೆ: 'ಶೂನ್ಯ. ಕಾರಣ: ಪ್ರಭಾರ ಅವಧಿ.' ಇದುವರೆಗೆ ಆಕ್ಷೇಪಣೆ ಬಂದಿಲ್ಲ.

ಬುಗುರಿಯ ಸರದಿ ಆರನೆಯ ಭಾನುವಾರ ಬಂತು. ಎರಡು ಗಂಟೆಗೆ ಸರಿಯಾಗಿ ಒರಟು ಬಟ್ಟೆ ಬದಲಿಸಿ, ಸ್ಕೂಲಿನ ಬೂಟು ಹಾಕಿಕೊಂಡು, ಮೂರು ಮಹಡಿ ಇಳಿದು ಸಾಲಿನ ಕೊನೆಯಲ್ಲಿ ನಿಂತಳು. ಮೂರೂ ಐವತ್ತಕ್ಕೆ ಬಾಗಿಲಿಗೆ ಬಂದಳು. ಅಷ್ಟು ಹೊತ್ತು ಅವಳು ಒಂದೇ ಕಡೆ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳ ಟಿಕೆಟ್ಟನ್ನು ಹರಿದು ಅರ್ಧ ವಾಪಸು ಕೊಟ್ಟೆ. ಬಾಲ್ಕನಿಗೆ ಹೋದಳು. ಕರು ಈಗ ಅವಳ ಭುಜದ ಎತ್ತರವಾಗಿತ್ತು, ಕೊಂಬಿನ ಮೊಳಕೆ ಕಾಣುತ್ತಿತ್ತು. ಅಂಗೈ ಒಡ್ಡಿದಳು. ಅದು ಮೂಸಿತು, ಸ್ವಲ್ಪ ಯೋಚಿಸಿತು, ಆಮೇಲೆ ಹಾಯಲಿಲ್ಲ, ನೆಕ್ಕಿತು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಎರಡು ಸಲ. ನಿಗದಿತ ಅವಧಿ ಎರಡು ನಿಮಿಷ. ನಾನು ಗಂಟೆ ಬಾರಿಸಿದೆ, ಐದು ಸೆಕೆಂಡು ತಡವಾಗಿ.

ಅವಳು ಹೊರಗೆ ಬರುವಾಗ ತಡೆಯಲಾರದೆ ಕೇಳಿದೆ, "ಹೇಗಿತ್ತು ಪುಟ್ಟಾ?"

"ಪುಸ್ತಕದಲ್ಲಿ ಬರ್ದಿದ್ದೀನಿ ಸಾರ್," ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ನಾಲ್ಕಕ್ಕೆ ಮತ್ತೆ ಕಟ್ಟಿಗೆ ಆಯಲು ಹತ್ತಿ ಬರಬೇಕಿತ್ತು.

ಸಂದರ್ಶಕರ ಅಭಿಪ್ರಾಯ ಪುಸ್ತಕ ತೆರೆದು ನೋಡಿದೆ. ದಪ್ಪ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಕರು ಚೆನ್ನಾಗಿದೆ. ನಾಲಿಗೆ ನಾರಿನ ಥರ ಇಲ್ಲ, ಅದಕ್ಕಿಂತ ಬೆಚ್ಚಗಿದೆ. ಬಾಗಿಲಲ್ಲಿ ಇರುವ ಮನುಷ್ಯ ಒಳ್ಳೆಯವರು.'

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾರೂ ನನ್ನ ಬಗ್ಗೆ ಹೀಗೆ ಬರೆದಿರಲಿಲ್ಲ. ಕೆಳಗೆ 'ಓದಿದೆ' ಎಂದು ಬರೆದು, ಮೊಹರು ಒತ್ತಿ, ಸಾಲಿನಲ್ಲಿದ್ದ ಮುಂದಿನವರನ್ನು ಒಳಗೆ ಕರೆದೆ.